ಸಾವಿನ ಮನೆಯ ಬಚ್ಚಲು

ಕೆಂಟಕಿಯ ಕಲ್ಲಿದ್ದಲು ಗಣಿಯಲ್ಲಿ ಚಾವಣಿ ಕುಸಿದು ಡೆಲ್ಮರ್‌ನ ಬೆನ್ನು ಮುರಿದಿತ್ತು. ಹಳೆಯ ಡಾಕ್ಟರು ತಲೆಯನ್ನೂ ಎತ್ತದೆ ಅಫೀಮಿನ ಜಾತಿಯ ನೋವಿನ ಮಾತ್ರೆಗಳನ್ನು ಹುರಿಗಡಲೆ ಹಂಚಿದಂತೆ ಬರೆದುಕೊಡುತ್ತಿದ್ದರು. ಆ ಪುಣ್ಯಾತ್ಮರು ಈಗ ಜೈಲಿನಲ್ಲಿದ್ದಾರೆ. ಹೊಸ ಡಾಕ್ಟರಮ್ಮ ನಿಧಾನವಾಗಿ ಮಾತ್ರೆಯ ಪ್ರಮಾಣ ಇಳಿಸಿದಳು. ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ಮಾಡಿ, ನಶೆಗೆ ಬಿದ್ದವರಿಗೆ ಮಾರಿಕೊಂಡಿಲ್ಲ ತಾನೇ ಎಂದು ಉಳಿದ ಮಾತ್ರೆಗಳನ್ನು ಎಣಿಸುತ್ತಿದ್ದಳು.

"ನಲವತ್ತು ವರ್ಷ ಗಣೀಲಿ ದುಡಿದೆ, ನನ್ನ ಮುರಿದ ಮೂಳೆ ಎಣಿಸಿದೋರಿಲ್ಲ. ನೀನು ಮಾತ್ರೆ ಎಣಿಸೋಕೆ ಬಂದ್ಯಲ್ಲ ತಾಯಿ!"

"ಅದಿರ್ಲಿ, ಬೀಗ ಹಾಕಿ ಇಟ್ಟಿದ್ದೀಯಾ?"

"ನಮ್ಮೂರಲ್ಲಿ ಕಳ್ಳರಿಲ್ಲಮ್ಮ, ಎಲ್ಲಾ ದೇವರಂಥ ಜನ."

ಆದರೂ ಅವಳ ಕಾಟ ತಾಳಲಾರದೆ ಮಾತ್ರೆಯ ಡಬ್ಬಿಯನ್ನು ಕೋವಿಯ ಬೀರುವಿನೊಳಗಿಟ್ಟು ಬೀಗ ಜಡಿದ.

ಮರುವಾರ ಅವನ ಹೆಂಡತಿ ವರ್ನಾ ತೀರಿಕೊಂಡಳು. ದೇವರಂಥ ಜನರೆಲ್ಲ ಹುರಿದ ಕೋಳಿ, ಆಲೂಗಡ್ಡೆಯ ತಟ್ಟೆ ಹಿಡಿದು ಸಂತಾಪ ಹೇಳಲು ಬಂದರು. ಅದೇನು ದುಃಖವೋ, ಒಬ್ಬೊಬ್ಬರಿಗೂ ಬಚ್ಚಲಿಗೆ ಹೋಗುವ ಅವಸರ. ಬಚ್ಚಲ ಗೋಡೆಗಿದ್ದ ಔಷಧಿ ಕಪಾಟಿನ ಬಾಗಿಲು ಕಿರುಗುಟ್ಟುತ್ತಲೇ ಇತ್ತು. ಕೊನೆಗೆ ಹೋಗಿಬಂದ ಪಾದ್ರಿಗಳು ಡೆಲ್ಮರ್‌ನ ಹೆಗಲ ಮೇಲೆ ಕೈಯಿಟ್ಟು ಕಣ್ಣು ತುಂಬಿಕೊಂಡರು.

"ಪಾಪ, ಇಷ್ಟೊಂದು ಬೆನ್ನುನೋವು ನಿಂಗೆ, ಮನೇಲಿ ಒಂದು ಮಾತ್ರೆನೂ ಇಲ್ವಲ್ಲಪ್ಪಾ!"