ಮರುಭೂಮಿಯ ರಸಕ್ಕೆ ಒಂದು ನಿಂಬೆಹಣ್ಣು

ಅತ್ತಿಗೆಯ ಕಾಲಿನ ಗಾಯ ತೋರಿಸಲು ತುಮಕೂರಿನಿಂದ ಜಯನಗರಕ್ಕೆ ಬಂದಿದ್ದೆವು. ಸಕ್ಕರೆ ಕಾಯಿಲೆಯ ಗಾಯ. ಕೊಟ್ಟ ಮುಲಾಮು ಬಿಟ್ಟು ಬೇರೇನಾದರೂ ಹಚ್ಚಿದರೆ ಬೆರಳೇ ಹೋದೀತು ಎಂದು ಡಾಕ್ಟರು ಎಚ್ಚರಿಸಿ ಕಳಿಸಿದರು. ಆ ಮುಲಾಮು ಉರಿಯುತ್ತದೆ ಎಂಬುದೇ ಅತ್ತಿಗೆಯ ದೂರು.

ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಒಬ್ಬ ಮರುಭೂಮಿ ಗಿಡದ ರಸ ಮಾರುತ್ತಿದ್ದ. ಲೋಟದ ನೀರಿಗೆ ಅಯೋಡಿನ್ ಹನಿಸಿದ, ನೀರು ಕಂದು ಬಣ್ಣಕ್ಕೆ ತಿರುಗಿತು. "ಇದು ನಿಮ್ಮ ಮೈಯೊಳಗಿನ ಕಲ್ಮಶ ಅಂದ್ಕೊಳ್ಳಿ, ಅಮ್ಮ." ಅದಕ್ಕೆ ನಾಲ್ಕು ತೊಟ್ಟು ರಸ ಬಿಟ್ಟ, ನೀರು ತಿಳಿಯಾಯಿತು. "ಆಂಟಿಆಕ್ಸಿಡೆಂಟ್ ಪವರ್ ಇದು. ಗಾಯಕ್ಕೆ ಹಚ್ಚಿದ್ರೆ ಬ್ಯಾಕ್ಟೀರಿಯಾನೂ ಸಾಯುತ್ತೆ. ಉರಿ ಅನ್ನೋದೇ ಇಲ್ಲ."

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಆ ಲೋಟದ ಮೇಲೆ ನನಗೆ ಮೊದಲೇ ಗುಮಾನಿ. ಅತ್ತಿಗೆಯನ್ನು ಅಲ್ಲೇ ನಿಲ್ಲಿಸಿ, ರಸ್ತೆಯಾಚೆಯ ತರಕಾರಿ ಗಾಡಿಯಿಂದ ನಿಂಬೆಹಣ್ಣು ತಂದೆ. "ಇನ್ನೊಂದ್ಸಲ ಅಯೋಡಿನ್ ಹಾಕಪ್ಪ" ಎಂದು, ಕಂದು ನೀರಿಗೆ ಹಣ್ಣು ಹಿಂಡಿದೆ. ಅದೂ ತಿಳಿಯಾಯಿತು.

ಅವನು ಪೆಚ್ಚಾಗಲಿಲ್ಲ. "ನಿಂಬೆಹಣ್ಣೂ ಒಳ್ಳೇದೇ, ಮೇಡಂ" ಎಂದು ನಕ್ಕ. ಒಂದು ಸೀಸೆಯಾದರೂ ತಗೊಳ್ಳಿ ಎಂದು ಒತ್ತಾಯಿಸಲೂ ಇಲ್ಲ. ಮಾರುವವನಿಗೆ ಇಷ್ಟು ನೆಮ್ಮದಿಯೇ?

ಈಗ ಆಟೋದಲ್ಲಿದ್ದೇವೆ. "ನೋಡಿದ್ರಾ ಅತ್ತಿಗೆ, ಅಯೋಡಿನ್ ಬಣ್ಣ ನಿಂಬೆರಸಕ್ಕೂ ಹೋಗುತ್ತೆ. ಎಲ್ಲಾ ಬರೀ ನಾಟಕ" ಎಂದೆ. "ಹೂಂ, ನೀನು ಹೇಳಿದ್ಮೇಲೆ ಆಯ್ತಲ್ಲ" ಎಂದರು. ಯಾವಾಗಲೂ ಸೀಟಿನ ಮೇಲೆ ಎಸೆಯುವ ಕೈಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದಿದ್ದಾರೆ. ನಾನು ನಿಂಬೆಹಣ್ಣಿಗೆ ಹೋದಾಗ ಅಲ್ಲಿ ಅತ್ತಿಗೆ, ಆ ರಸದವನು ಇಬ್ಬರೇ ಇದ್ದದ್ದು ಈಗ ನೆನಪಾಗುತ್ತಿದೆ.