ಎಲ್ಲರ ಉಸಿರೂ ಇಪ್ಪತ್ತು

ಆ ವಾರ್ಡಿನಲ್ಲಿ ಎಲ್ಲರೂ ನಿಮಿಷಕ್ಕೆ ಇಪ್ಪತ್ತು ಸಲ ಉಸಿರಾಡುತ್ತಿದ್ದರು. ದಮ್ಮಿನವರು, ಜ್ವರದವರು, ನಾಳೆ ಮನೆಗೆ ಹೋಗುವವರು, ಮತ್ತೆ ಮನೆ ಕಾಣದವರು, ಎಲ್ಲರೂ. ಚಾರ್ಟಿನಲ್ಲಿ ಹಾಗೇ ಬರೆದಿರುತ್ತಿತ್ತು.

ಎರಡು ಸಾವಿರದ ದಶಕದ ನಡುವಿನ ಮಾತು. ದಕ್ಷಿಣ ದೆಹಲಿಯಲ್ಲಿ ನರ್ಸಿಂಗ್ ಶಾಲೆಯೂ ಜೊತೆಗಿದ್ದ ಒಂದು ದೊಡ್ಡ ಆಸ್ಪತ್ರೆ. ನಾನು ಆ ಶಾಲೆಯ ಟ್ಯೂಟರ್. ಬೆಳಗ್ಗೆ ಹೆಂಗಸರ ಮೆಡಿಕಲ್ ವಾರ್ಡಿನಲ್ಲಿ ವಿದ್ಯಾರ್ಥಿನಿಯರಿಗೆ ಕೆಲಸ ಕಲಿಸುವುದು, ಮಧ್ಯಾಹ್ನ ತರಗತಿಯಲ್ಲಿ ಪಾಠ. ಕಲಿಸುವುದು ಅಂದೆ. ನಲವತ್ತೆರಡು ಹಾಸಿಗೆಗೆ ಇದ್ದದ್ದು ಇಬ್ಬರು ಸ್ಟಾಫ್ ನರ್ಸ್. ವಾರ್ಡ್ ನಡೆಯುತ್ತಿದ್ದದ್ದು ಹುಡುಗಿಯರ ಕೈಕಾಲಿನಿಂದ.

ಜ್ವರ, ನಾಡಿ, ಉಸಿರು: ಪ್ರತಿ ರೋಗಿಗೂ ಮೂರು ಅಂಕಿ. ಥರ್ಮಾಮೀಟರ್ ಇಡುತ್ತಿದ್ದೆವು, ನಾಡಿ ಹಿಡಿಯುತ್ತಿದ್ದೆವು. ಉಸಿರಿನ ಕಾಲಂಗೆ ಮಾತ್ರ ಕಣ್ಣು ಮುಚ್ಚಿ ಇಪ್ಪತ್ತು. ಉಸಿರೆಣಿಸುವುದಕ್ಕೆ ಒಂದು ಕ್ರಮವಿದೆ. ನಾಡಿ ನೋಡಿ ಮುಗಿದ ಮೇಲೂ ಕೈ ಬಿಡಬಾರದು. ಇನ್ನೂ ನಾಡಿಯನ್ನೇ ನೋಡುತ್ತಿದ್ದೇವೆ ಎಂಬಂತೆ ಹಿಡಿದುಕೊಂಡೇ, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ರೋಗಿ ಬೇರೆ ಥರ ಉಸಿರಾಡುತ್ತಾರೆ. ಇದನ್ನು ತರಗತಿಯಲ್ಲಿ ನಾನೇ ಚೆನ್ನಾಗಿ ಹೇಳಿಕೊಡುತ್ತಿದ್ದೆ. ವಾರ್ಡಿಗೆ ಬಂದ ಎರಡನೆಯ ವಾರಕ್ಕೆ ಹುಡುಗಿಯರು ಇಪ್ಪತ್ತು ಕಲಿತಿರುತ್ತಿದ್ದರು.

ಯಾರು ಹೇಳಿಕೊಟ್ಟರು? ನಾನಲ್ಲ ಎಂದು ಬಹಳ ವರ್ಷ ನಂಬಿದ್ದೆ. ಆದರೆ “ಜಲ್ದಿ, ಜಲ್ದಿ, ರೌಂಡ್ಸ್ ಬಂತು, ಇಪ್ಪತ್ತು ಹಾಕು” ಅನ್ನುವ ದನಿಯೊಂದು ನೆನಪಿನಲ್ಲಿ ಉಳಿದಿದೆ. ಒಮ್ಮೆ ಅದು ಇನ್‌ಚಾರ್ಜ್ ಸಿಸ್ಟರ್ ದನಿಯಂತೆ ಕೇಳುತ್ತದೆ, ಒಮ್ಮೆ ನನ್ನದರಂತೆ. ನನ್ನದೇ ಇರಬೇಕು.

ಒಂದು ಮಧ್ಯಾಹ್ನ ಮೂರನೆಯ ವರ್ಷದ ಹುಡುಗಿಯೊಬ್ಬಳು ಹದಿನೇಳನೆಯ ಹಾಸಿಗೆಯ ಅಜ್ಜಿಗೆ ಇಪ್ಪತ್ತು ಬರೆದಳು. ಕೆಳಗೆ ನಾನು ಸಹಿ ಮಾಡಿ ತರಗತಿಗೆ ಹೋದೆ. ಸ್ವಲ್ಪ ಹೊತ್ತಿಗೇ ಹಿರಿಯ ಡಾಕ್ಟರು ಬಂದು ನೋಡಿದರೆ ಅಜ್ಜಿಯ ಉಸಿರು ನಲವತ್ತರ ಹತ್ತಿರ ಓಡುತ್ತಿತ್ತು. ಐಸಿಯುಗೆ ಸಾಗಿಸಿದರು. ಬದುಕಿಕೊಂಡರು. ನನ್ನ ನೆನಪಿನಲ್ಲಿ ಆ ಏದುಸಿರಿನ ಸದ್ದಿದೆ, ತುಟಿಯ ನೀಲಿಯಿದೆ. ಎರಡೂ ಸುಳ್ಳು, ಆಗ ನಾನು ಅಲ್ಲಿರಲೇ ಇಲ್ಲ. ನಾನು ಕಂಡದ್ದು ಮರುದಿನ, ಚಾರ್ಟಿನ ಮೇಲೆ: ಇಪ್ಪತ್ತರ ಸುತ್ತ ಡಾಕ್ಟರು ಎಳೆದ ಕೆಂಪು ಗೆರೆ, ಪಕ್ಕದಲ್ಲಿ ಎರಡು ಪ್ರಶ್ನೆ ಚಿಹ್ನೆ, ಕೆಳಗೆ ನನ್ನ ಸಹಿ.

ಹುಡುಗಿ ಮಾನೇಸರ್ ಕಡೆಯವಳು. ಅಪ್ಪ ಅಲ್ಲಿ ಕಾರಿನ ಬಿಡಿಭಾಗದ ಫ್ಯಾಕ್ಟರಿಯಲ್ಲಿದ್ದರು. ಕೋರ್ಸ್ ಮುಗಿಯುವವರೆಗೆ ಮಾತ್ರ ಓದು, ಒಂದು ವರ್ಷ ಹಿಂದೆ ಬಿದ್ದರೂ ಮದುವೆ ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಪ್ರಿನ್ಸಿಪಾಲ್ ಮೇಡಂ ಅವಳನ್ನು ಕರೆದು, ಸುಳ್ಳು ಬರೆದೆನೆಂದು ತಪ್ಪೊಪ್ಪಿಗೆ ಕೊಡಬೇಕು, ಈ ವರ್ಷ ಫೈನಲ್ ಪರೀಕ್ಷೆಗೆ ಕೂರುವಂತಿಲ್ಲ ಅಂದರು.

ಅವಳು ಮೆಟ್ಟಿಲ ಬಳಿ ನನ್ನನ್ನು ಹಿಡಿದು ನಿಲ್ಲಿಸಿದಳು. ಅಳುತ್ತಿದ್ದಳು ಎಂದು ಬರೆಯುವುದು ಸುಲಭ. ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು.

“ಮ್ಯಾಮ್, ಇಪ್ಪತ್ತು ಬರೆದವಳು ನಾನೊಬ್ಬಳೇನಾ?”

“ಅಲ್ಲ.”

“ಕೆಳಗೆ ನಿಮ್ಮ ಸಹಿ ಇದೆ. ನೀವು ಎಣಿಸಿದ್ರಾ?”

“ಇಲ್ಲ.”

“ಹಾಗಾದ್ರೆ ಬನ್ನಿ, ತಪ್ಪೊಪ್ಪಿಗೆ ಇಬ್ಬರೂ ಕೂತು ಬರೆಯೋಣ.”

ಟ್ಯೂಟರ್ ಎದುರಾದರೆ ವಿದ್ಯಾರ್ಥಿನಿಯರು ಗೋಡೆಗೆ ಅಂಟಿ ನಿಲ್ಲುತ್ತಿದ್ದ ಶಾಲೆ ಅದು. ನಾನು ಅವಳನ್ನು ಗದರಿದೆ ಅನ್ನಿಸುತ್ತದೆ.

ಅದೇ ವಾರ ಎಂ.ಎಸ್ಸಿ. ಓದುತ್ತಿದ್ದ ಒಬ್ಬಾಕೆ ನಮಗೆಲ್ಲ ಪ್ರಶ್ನಾವಳಿ ಹಂಚಿದ್ದಳು. ನರ್ಸುಗಳಿಗೆ ಕೆಲಸದಲ್ಲಿ ಒತ್ತಡ ಎಷ್ಟು, ಕೆಲಸದ ಬಗ್ಗೆ ಅವರ ಮನೋಭಾವ ಏನು. ‘ಎಂದೂ ಇಲ್ಲ, ಕೆಲವೊಮ್ಮೆ, ಯಾವಾಗಲೂ’ ಎಂದು ಮೂರು ಉತ್ತರ. ಇನ್‌ಚಾರ್ಜ್ ಸಿಸ್ಟರ್ ಪ್ರಶ್ನೆ ಓದದೆ ಮೇಲಿನಿಂದ ಕೆಳಗಿನವರೆಗೆ ‘ಕೆಲವೊಮ್ಮೆ’ಗೆ ಗುರುತು ಹಾಕಿಕೊಟ್ಟರು. ನಾನೂ ಹಾಗೇ ಮಾಡಿದ್ದೆ. ಅದೂ ನಮ್ಮ ಇಪ್ಪತ್ತೇ.

ಸಂಜೆ ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ಗಂಡನಿಗೆ ಹೇಳಿದೆ. ಅವರು ಮಿನಿಸ್ಟ್ರಿಯಲ್ಲಿ ಕ್ಲರ್ಕ್, ಫೈಲು ಹೇಗೆ ನಡೆಯುತ್ತದೆ ಎಂದು ಬಲ್ಲವರು.

“ಸಹಿ ಮಾಡಿದವಳು ನೀನು, ಸರಿ. ಆದರೆ ಅವರು ಕೇಳ್ತಿರೋದು ಅವಳನ್ನ. ಕೇಳದೆ ಇರೋ ಪ್ರಶ್ನೆಗೆ ನೀನ್ಯಾಕೆ ಉತ್ತರ ಕೊಡೋಕೆ ಹೋಗ್ತೀಯ?”

“ನಾಳೆ ಕೇಳೋ ಹಾಗೆ ಮಾಡ್ತೀನಿ ರೀ.”

“ಮಾಡು. ಸಸ್ಪೆಂಡ್ ಆಗಿ ಮನೇಲಿ ಕೂತ್ಕೋ.”

ಮಗಳು ಹೋಂವರ್ಕಿನಿಂದ ತಲೆಯೆತ್ತಿದಳು. “ಅಮ್ಮಾ, ಸಸ್ಪೆಂಡ್ ಮತ್ಲಬ್ ಛುಟ್ಟೀನಾ, ರಜಾನಾ?”

ಬೆಳಗ್ಗೆ ಎಂಟಕ್ಕೆ ವಾರ್ಡಿಗೆ ಹೋದೆ. ದಿನವೂ ಮೂವರು ಹುಡುಗಿಯರು ಅರ್ಧ ಗಂಟೆಯಲ್ಲಿ ಚಾರ್ಟು ಮುಗಿಸಿ, ಹಾಸಿಗೆ ಹಾಸಿ, ರೋಗಿಗಳ ಮೈ ಒರೆಸಿ, ರಕ್ತದ ಸ್ಯಾಂಪಲ್ಲುಗಳನ್ನು ಲ್ಯಾಬಿಗೆ ಒಯ್ಯಬೇಕಿತ್ತು. ಆ ದಿನ ಮೂವರನ್ನೂ ಒಂದನೆಯ ಹಾಸಿಗೆಯ ಬಳಿ ನಿಲ್ಲಿಸಿಕೊಂಡೆ. ಆ ಹುಡುಗಿಯೂ ಅವರಲ್ಲಿದ್ದಳು. “ಪುಸ್ತಕದಲ್ಲಿ ಇರೋ ಹಾಗೆ,” ಅಂದೆ. ಒಬ್ಬಳು ಎಣಿಸುವುದು, ಇಬ್ಬರು ನೋಡುವುದು, ಆಮೇಲೆ ನಾನು ಮತ್ತೆ ಎಣಿಸಿ ಸಹಿ ಮಾಡುವುದು. ನಲವತ್ತೆರಡೂ ಮುಗಿಯುವವರೆಗೆ ಬೇರೆ ಕೆಲಸ ಮುಟ್ಟುವಂತಿಲ್ಲ. ಈ ಉಪಾಯ ನನ್ನದೆಂದೇ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮೆಟ್ಟಿಲ ಬಳಿ ಅವಳೇ “ಒಂದು ದಿನ ಎಲ್ಲರದ್ದೂ ಎಣಿಸಿ ನೋಡಿ” ಅಂದಿದ್ದಳೋ ಏನೋ.

ನಾಲ್ಕನೆಯ ಹಾಸಿಗೆಯ ಮುದುಕಿಯ ಸೊಸೆಗೆ ಗಾಬರಿಯಾಯಿತು. “ಸಿಸ್ಟರ್‌ಜೀ, ನಿಜ ಹೇಳಿಬಿಡಿ. ಇಷ್ಟು ದಿನದಲ್ಲಿ ನಮ್ಮತ್ತೆ ಕೈಯನ್ನ ಯಾರೂ ಇಷ್ಟು ಹೊತ್ತು ಹಿಡಿದಿಲ್ಲ. ಊರಿಗೆ ಫೋನ್ ಮಾಡಲಾ?”

ಮುದುಕಿ ಕಣ್ಣು ಬಿಟ್ಟರು. “ಮಾಡು, ಮಾಡು. ಅದಕ್ಕೇ ತಾನೆ ಕಾಯ್ತಿದ್ದೀಯ.”

ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದೆವು.

ಇನ್‌ಚಾರ್ಜ್ ಸಿಸ್ಟರ್ ಓಡಿ ಬಂದರು. “ಏನು ತಮಾಷೆ ಇದು? ಹಾಸಿಗೆ ಯಾರು ಹಾಸ್ತಾರೆ, ನಾನಾ?”

“ಎಣಿಸ್ತಿದ್ದೀವಿ ಸಿಸ್ಟರ್.”

“ಏನನ್ನ?”

“ಉಸಿರನ್ನ.”

“ನಾನು ಕೆಲಸಕ್ಕೆ ಸೇರಿದಾಗಿಂದ ಇಪ್ಪತ್ತೇ ಇದೆ. ಇವತ್ತೇನು ಹೊಸದಾಗಿ ಹುಟ್ಟಿಬಿಡ್ತಾ ಉಸಿರು?”

ಒಂಬತ್ತೂವರೆಗೆ ಹಿರಿಯ ಡಾಕ್ಟರು ರೌಂಡ್ಸಿಗೆ ಬಂದಾಗ ನಾವು ಹನ್ನೊಂದನೆಯ ಹಾಸಿಗೆಯಲ್ಲಿದ್ದೆವು. ಒಂದು ಸ್ಯಾಂಪಲ್ಲೂ ಲ್ಯಾಬಿಗೆ ಹೋಗಿರಲಿಲ್ಲ. “ಇದು ವಾರ್ಡಾ, ಸ್ಕೂಲಾ?” ಎಂದು ಕಿರುಚಿದರು.

“ಅದನ್ನ ನೀವೇ ತೀರ್ಮಾನ ಮಾಡಿ ಸರ್. ಎರಡೂ ಇದೇ ಮೂವರು ಹುಡುಗಿಯರ ಮೇಲೆ ನಡೀತಿದೆ.”

ಈ ಮಾತನ್ನು ಅವರ ಮುಖಕ್ಕೆ ಹೇಳಿದೆನೋ, ಸಂಜೆ ಬಸ್ಸಿನಲ್ಲಿ ಹೊಳೆಯಿತೋ ಖಚಿತವಿಲ್ಲ. ಹೇಳಿದೆ ಎಂದೇ ಇಟ್ಟುಕೊಳ್ಳುತ್ತೇನೆ.

ನನ್ನ ಕಡೆಗೆ ನ್ಯಾಯ ಬರಬೇಕಾದರೆ ಅಂದು ಏದುಸಿರು ಬಿಡುವ ಇನ್ನೊಬ್ಬರು ಸಿಗಬೇಕಿತ್ತು. ಸಿಗಲಿಲ್ಲ. ಹದಿನೆಂಟು, ಇಪ್ಪತ್ತೆರಡು, ಹದಿನಾರು, ಇಪ್ಪತ್ನಾಲ್ಕು. ಐದಾರು ಜನರದ್ದು ಸರಿಯಾಗಿ ಇಪ್ಪತ್ತೇ ಇತ್ತು, ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಇರಲಿ, ಅವು ಎಣಿಸಿದ ಇಪ್ಪತ್ತು.

ಹನ್ನೆರಡಕ್ಕೆ ಪ್ರಿನ್ಸಿಪಾಲರ ಕರೆ ಬಂತು. ಆಗ ಇಪ್ಪತ್ತೊಂಬತ್ತನೆಯ ಹಾಸಿಗೆ. ಪೂರ್ತಿ ಮುಗಿಸಲು ಆಗಲೇ ಇಲ್ಲ.

“ನೀವು ವಾರ್ಡ್ ನಿಲ್ಲಿಸಿದಿರಿ,” ಅಂದರು ಮೇಡಂ.

“ಇಲ್ಲ ಮೇಡಂ. ನಾನು ಪಾಠ ಮಾಡಿದೆ. ವಾರ್ಡ್ ತಾನಾಗಿ ನಿಂತಿತು.”

“ನಿಮಗೆ ಇನ್ನೂ ಬಹಳ ಸರ್ವಿಸ್ ಇದೆ. ಹುಡುಗಿಯ ಒಂದು ವರ್ಷಕ್ಕೋಸ್ಕರ ಅಷ್ಟನ್ನೂ ಕೆಡಿಸ್ಕೋತೀರಾ?”

ನಾನು ಒಂದು ಹಾಳೆ ಕೇಳಿ ಪಡೆದು, ಅಲ್ಲೇ ನಿಂತು ಬರೆದೆ. ಹದಿನೇಳನೆಯ ಹಾಸಿಗೆಯ ಚಾರ್ಟಿಗೆ ಎಣಿಸದೆ ಸಹಿ ಮಾಡಿದವಳು ನಾನು. ಇಪ್ಪತ್ತು ಬರೆಯುವುದನ್ನು ಹುಡುಗಿಯರು ಕಲಿತದ್ದು ನನ್ನ ಕಣ್ಣೆದುರಿಗೆ. ಇವಳನ್ನು ಪರೀಕ್ಷೆಯಿಂದ ತಡೆಯುವುದಾದರೆ ಇಪ್ಪತ್ತು ಬರೆದ ಎಲ್ಲರ ಮೇಲೂ ಕ್ರಮ ಆಗಬೇಕು. ಹಳೆಯ ಚಾರ್ಟುಗಳೆಲ್ಲ ರೆಕಾರ್ಡ್ ರೂಮಿನಲ್ಲಿವೆ.

ಕೊನೆಯ ಸಾಲನ್ನು ಮೇಡಂ ಎರಡು ಸಲ ಓದಿದರು. ಅದೇ ಶಾಲೆಯಲ್ಲಿ ಕಲಿತು, ಅದೇ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದು ಆ ಕುರ್ಚಿಗೆ ಬಂದವರು ಅವರು.

“ಇದನ್ನ ವಾಪಸ್ ತಗೊಳ್ಳಿ.”

“ಇಲ್ಲ ಮೇಡಂ. ರಿಜಿಸ್ಟರಿಗೆ ಹಾಕಿ ನಂಬರ್ ಕೊಡಿ.”

ಹುಡುಗಿ ಆ ವರ್ಷವೇ ಪರೀಕ್ಷೆಗೆ ಕೂತಳು, ತಪ್ಪೊಪ್ಪಿಗೆ ಕೊಡದೆ. ರೆಕಾರ್ಡ್ ರೂಮಿನ ಬೀಗವನ್ನು ಯಾರೂ ತೆಗೆಸಲಿಲ್ಲ. ನನ್ನನ್ನು ಶಾಲೆಯಿಂದ ಬಿಡಿಸಿ ಮೂಳೆ ವಾರ್ಡಿಗೆ ಸ್ಟಾಫ್ ನರ್ಸ್ ಆಗಿ ಹಾಕಿದರು. ಪಾಠ ಮಾಡುವ ಕೆಲಸ ಮತ್ತೆ ಸಿಗಲಿಲ್ಲ. ಅದು ನನಗೆ ಇಷ್ಟವಾದ ಕೆಲಸವಾಗಿತ್ತು. ನೋವಾಗಲಿಲ್ಲ ಎಂದು ಹೇಳಲಾರೆ, ಆದರೆ ಆ ಹಾಳೆಯನ್ನು ಇವತ್ತು ಮತ್ತೆ ಕೊಟ್ಟರೂ ಒಂದಕ್ಷರ ತಿದ್ದುವುದಿಲ್ಲ.

ಪಾಸಾದ ಮೇಲೆ ಅವಳು ಹೊಸ ವಾರ್ಡಿಗೆ ನನ್ನನ್ನು ಹುಡುಕಿಕೊಂಡು ಬಂದಳು. ಚಾರ್ಟಿನ ಹಾಳೆ ತಿರುವುತ್ತಾ, “ಇಲ್ಲೂ ಎಣಿಸ್ತೀರಾ ಮ್ಯಾಮ್?” ಅಂದಳು.

“ಎಷ್ಟು ಜನರದ್ದು ಆಗುತ್ತೋ ಅಷ್ಟು. ಉಳಿದದ್ದು ಖಾಲಿ.”

ಆ ದಿನ ಹನ್ನೊಂದು ಖಾಲಿ ಇದ್ದವು. ಅಲ್ಲಿನ ಇನ್‌ಚಾರ್ಜ್ ನಮ್ಮ ಮಾತು ಕೇಳಿಸಿಕೊಂಡು ಬಂದರು. “ನೋಡಿ ಸಿಸ್ಟರ್, ಖಾಲಿ ಬಿಟ್ಟರೆ ಇನ್‌ಸ್ಪೆಕ್ಷನ್‌ನಲ್ಲಿ ನಾನು ಬೈಸಿಕೊಳ್ಳಬೇಕು. ಏನೋ ಒಂದು ತುಂಬಿಸಿಬಿಡಿ.”

“ಎಣಿಸೋದಕ್ಕೆ ಇನ್ನೊಬ್ಬಳು ನರ್ಸನ್ನ ಕೊಡಿಸಿ,” ಅಂದೆ. “ತುಂಬಿಸ್ತೀನಿ.”