ಹೊಗೆಗೂಡಿನ ಮುಚ್ಚಳ

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಕಾರ್ಖಾನೆಯವರು ಕೊಟ್ಟಿದ್ದ ಮನೆಯ ನಡುಕೋಣೆಯಲ್ಲಿ, ಅಗ್ಗಿಷ್ಟಿಕೆಯಿಂದ ಎರಡು ಮಾರು ದೂರದಲ್ಲಿ ನಾನು ನಿಂತಿದ್ದೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ, ಪುಷ್ಯ ಮಾಸ, ರಾತ್ರಿ ಎಂಟು ಗಂಟೆ. ಕಂಡದ್ದಕ್ಕಿಂತ ಒಂದು ಮಾತನ್ನೂ ಹೆಚ್ಚು ಬರೆಯುವುದಿಲ್ಲ.

ಹೆಂಡತಿ ಶಾರದೆಗೆ ಹೆರಿಗೆಯಾಗಿ ಒಂಬತ್ತು ದಿನ. ದಿನ ತುಂಬುವ ಮೊದಲೇ ನೋವು ಬಂದದ್ದರಿಂದ ತವರಿಗೆ ಕಳಿಸಲಾಗಲಿಲ್ಲ. ಅತ್ತೆಯೇ ಬಾಣಂತನಕ್ಕೆ ಬಂದಿದ್ದರು. ಬಾಣಂತಿ, ಮಗು ಮಲಗುತ್ತಿದ್ದುದು ಆ ನಡುಕೋಣೆಯಲ್ಲೇ. ಬಾಣಂತಿಗೆ ಗಾಳಿ ಸೋಕಬಾರದೆಂದು ಅವರು ಹೇಳಿದಂತೆ ಕಿಟಕಿಗೆ ಹಲಗೆ ಹೊಡೆದವನು ನಾನೇ. ಬಾಗಿಲ ಸಂದಿಗೆ ಅವರು ಹಳೆ ಸೀರೆ ತುರುಕಿದ್ದರು.

ಮೊದಲು ಆ ಮನೆಯಲ್ಲಿ ಪರದೇಶದ ಎಂಜಿನಿಯರೊಬ್ಬ ಇದ್ದನಂತೆ. ಅಗ್ಗಿಷ್ಟಿಕೆ ಉರಿಸಿದರೆ ಹೊಗೆ ಕೋಣೆಗೇ ಬರುತ್ತಿತ್ತು. ಹೊಗೆಗೂಡಿನೊಳಗೆ ಕೈಗೆಟಕುವ ಎತ್ತರದಲ್ಲಿ ಕಬ್ಬಿಣದ ಮುಚ್ಚಳವೊಂದು ತುಕ್ಕು ಹಿಡಿದು ಅರ್ಧವೇ ತೆರೆಯುತ್ತಿತ್ತು. ಅಂದು ಬೆಳಿಗ್ಗೆ ಅದನ್ನು ಕಿತ್ತು ತೆಗೆದೆ. ಅತ್ತೆ ಎಸೆಯಗೊಡಲಿಲ್ಲ.

"ಕಬ್ಬಿಣ ಅಲ್ವಾ, ಮಂಚದ ಕೆಳಗಿರ್ಲಿ. ಮಗೀನ ಹತ್ರ ಯಾವ್ದೂ ಸುಳಿಯಲ್ಲ."

"ಕುಡುಗೋಲು ಇಟ್ಟಿದ್ದೀರಲ್ಲ ಅತ್ತೆ?"

"ಅದು ನಮ್ಮೂರ ದೆವ್ವಕ್ಕಾಯ್ತು ಅಳಿಯಂದ್ರೇ. ಈ ದೊರೆ ಮನೇಲಿ ಎಂಥದ್ದಿದೆಯೋ!"

ನಕ್ಕೆವು.

ಸಂಜೆಯೆಲ್ಲ ಬೆಂಕಿ ಚೆನ್ನಾಗಿಯೇ ಉರಿಯಿತು. ಎಂಟಕ್ಕೆ, ಇದ್ದಕ್ಕಿದ್ದಂತೆ, ಮೇಲೇರುತ್ತಿದ್ದ ಹೊಗೆ ತಿರುಗಿ ಕೆಳಗಿಳಿಯಿತು... ಕೂದಲು ಸುಟ್ಟಂಥ ವಾಸನೆ. ಶಾರದೆಯನ್ನು ಕರೆದೆ, ಓಗೊಡಲಿಲ್ಲ. ಮಗು ಕೆಮ್ಮಿತು. ಆಮೇಲೆ ಅಳುವುದನ್ನೇ ನಿಲ್ಲಿಸಿತು.

ಬಾಗಿಲಿಗೆ ಓಡಿದೆ. ಚಿಲಕ ಸರಿಯಿತು, ಆದರೆ ಸೀರೆ ಕಚ್ಚಿಕೊಂಡು ಬಾಗಿಲು ಅಲುಗಲಿಲ್ಲ. ಕಿಟಕಿಯಲ್ಲಿ ನನ್ನವೇ ಮೊಳೆಗಳು. "ಯಾರಾದ್ರೂ ಬನ್ನಿ!" ಎಂದು ಕೂಗಿದೆ. ಕೊಡದ ನೀರನ್ನು ಬೆಂಕಿಗೆ ಸುರಿದೆ, ಹೊಗೆ ಇಮ್ಮಡಿಯಾಯಿತು.

ಕೊನೆಗೆ ಹೊಗೆಗೂಡಿನೊಳಗೆ ಕೈಚಾಚಿದೆ. ಅಂಗೈಗೆ ಕಬ್ಬಿಣ ತಗುಲಿತು. ಅಷ್ಟು ಹೊತ್ತು ಉರಿದ ಬೆಂಕಿಯ ಮೇಲಿದ್ದರೂ ಅದು ತಣ್ಣಗಿತ್ತು. ತಳ್ಳಿದೆ... ಮೇಲಿನಿಂದ ಅಷ್ಟೇ ಬಲವಾಗಿ ಒತ್ತಿತು.

"ಅತ್ತೆ... ಮುಚ್ಚಳ ಮತ್ತೆ ಹಾಕಿದ್ರಾ?"

"ಇಲ್ಲೇ ಇದೆಯಲ್ರೀ..." ಮಂಚದ ಕೆಳಗೆ ತಡಕಾಡಿ ಅದನ್ನು ನೆಲಕ್ಕೆ ಬಡಿದು ತೋರಿಸಿದರು. ಠಣ್ ಎಂದಿತು.

ನನ್ನ ಅಂಗೈಯ ಮೇಲೂ ಠಣ್ ಎಂದಿತು.

ಅಷ್ಟರಲ್ಲಿ ಕಿಟಕಿಯ ಹಲಗೆ ಸೀಳಿತು. ಪಕ್ಕದ ಮನೆಯ ಫಿಟ್ಟರ್ ಮುನುಸ್ವಾಮಿ ಹೊರಗಿನಿಂದ ಹಾರೆ ಹಾಕಿದ್ದ. ಮೊದಲು ಮಗುವನ್ನು ಅವನ ಕೈಗೆ ಕೊಟ್ಟೆವು, ಆಮೇಲೆ ಶಾರದೆಯನ್ನು ಎತ್ತಿ ಇಳಿಸಿದೆವು. ಅಂಗಳದಲ್ಲಿ ಮಗು ಅತ್ತಿತು. ಅಷ್ಟು ಹಿತವಾದ ಸದ್ದನ್ನು ನಾನು ಮತ್ತೆ ಕೇಳಿಲ್ಲ.

ಮುನುಸ್ವಾಮಿಯ ಕಣ್ಣು ಮಾತ್ರ ಮಾಡಿನ ಮೇಲಿತ್ತು.

"ಸಾಮಿ, ಅವನು ಯಾರು?" ಪಿಸುಗುಟ್ಟಿದ.

"ಯಾರು?"

"ಹೊಗೆಗೂಡಿನ ಮೇಲೆ ಕೂತಿದ್ನಲ್ಲ... ಕಾಲು ಒಳಗೆ ಇಳಿಬಿಟ್ಕೊಂಡು. ಎಷ್ಟು ಕೂಗಿದ್ರೂ ತಿರುಗ್ಲಿಲ್ಲ."

ತಲೆಯೆತ್ತಿದೆ. ಯಾರೂ ಇರಲಿಲ್ಲ. ಉಳಿದ ಹೊಗೆ ನೆಟ್ಟಗೆ ಮೇಲೇರುತ್ತಿತ್ತು.

ಶಾರದೆಗೆ ಆ ಹೊತ್ತಿನದೇನೂ ನೆನಪಿಲ್ಲ. ಅತ್ತೆ ಈಗಿಲ್ಲ. ಮುನುಸ್ವಾಮಿ ಇನ್ನೂ ಜನ್ನಾಪುರದಲ್ಲಿದ್ದಾನೆ. ಕೇಳಿದರೆ ಎಲ್ಲವನ್ನೂ ಹೇಳುತ್ತಾನೆ. ಆ ಕುಳಿತವನು ಇಳಿದು ಯಾವ ಕಡೆ ಹೋದ ಎಂದರೆ ಮಾತ್ರ, ನನ್ನ ಮುಖ ನೋಡಿ, ಆಮೇಲೆ ನನ್ನ ಅಂಗೈ ನೋಡಿ, ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ.